ಲಯದೋಷ ನಿವಾರಣೆ: ಬೇಸ್ ಗಿಟಾರ್ ವಾದಕರಿಗೆ ತಜ್ಞರ ಕಿವಿಮಾತು

ಬೇಸ್ ಗಿಟಾರ್ ನುಡಿಸುವವರ ಲಯ ಸುಧಾರಿಸುವ ಬಗ್ಗೆ ಸಲಹೆ ಕೊಡುವ ಕಸುಬಿನಲ್ಲಿ ನಾನು ಬಹಳ ಕಾಲದಿಂದ ಇದ್ದೇನೆ. ನುಡಿಸುವ ಕಸುಬಿನಲ್ಲಿಲ್ಲ. ಎರಡನ್ನೂ ಒಬ್ಬನೇ ಮಾಡಹೊರಟರೆ ಸಲಹೆಯ ಮಟ್ಟ ಕುಸಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಶಾಸ್ತ್ರದ ಮೂಲಸೂತ್ರವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ವ್ಯಾಖ್ಯಾನ: ಬೇಸ್ ವಾದಕನಿಂದ ಲಯ ತಪ್ಪುವುದಿಲ್ಲ. ಲಯ ತಪ್ಪಿದ ಜಾಗದಲ್ಲಿ ಅವನು ನಿಂತಿರುತ್ತಾನೆ, ಅಷ್ಟೆ.

ಇದಕ್ಕೆ ಭೌತಶಾಸ್ತ್ರದ ಬೆಂಬಲವಿದೆ. ನಾಲ್ಕು ತಂತಿಯ ಬೇಸ್‌ನ ಅತಿ ದಪ್ಪ ತಂತಿಯಾದ ಇ ತಂತಿಯನ್ನು ಒತ್ತದೆ ಹಾಗೇ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂದರೆ ಒಂದು ಕಂಪನ ಮುಗಿಯಲು 24 ಮಿಲಿಸೆಕೆಂಡು ಬೇಕು. ನೀವು ಬೀಟಿನ ನೆತ್ತಿಗೆ ಸರಿಯಾಗಿ ಮೀಟಿದರೂ ಸ್ವರ ತನ್ನ ಮೊದಲ ಸುತ್ತು ಮುಗಿಸುವ ಹೊತ್ತಿಗೆ ಅಷ್ಟು ತಡವಾಗಿರುತ್ತದೆ. ಆದ್ದರಿಂದ 24 ಮಿಲಿಸೆಕೆಂಡಿನವರೆಗಿನ ವಿಳಂಬವನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲ. ಐದು ತಂತಿಯ ಬೇಸ್ ಕೊಂಡರೆ ಇನ್ನೂ ಅನುಕೂಲ. ಅದರ ಬಿ ತಂತಿ ಸೆಕೆಂಡಿಗೆ ಸುಮಾರು 31 ಸಲವಷ್ಟೇ ಕಂಪಿಸುವುದರಿಂದ ರಿಯಾಯಿತಿ 32 ಮಿಲಿಸೆಕೆಂಡಿಗೆ ಏರುತ್ತದೆ. ಎಂಟು ಮಿಲಿಸೆಕೆಂಡಿನ ಹೆಚ್ಚುವರಿ ನಿರಪರಾಧಿತ್ವಕ್ಕೆ ಜನ ಅಷ್ಟೊಂದು ದುಡ್ಡು ಸುರಿಯುತ್ತಾರೆಯೇ ಎಂದು ನೀವು ಕೇಳಬಹುದು. ಸುರಿಯುತ್ತಾರೆ. ಕಂತಿನಲ್ಲಿ ಸುರಿಯುತ್ತಾರೆ.

ಸ್ವರ ಮುಗಿಯುವುದು ಹಾಗಿರಲಿ, ಬೆರಳು ತಂತಿಯನ್ನು ಬಿಟ್ಟಾಗ ಆಗುವ ಟಕ್ ಎಂಬ ಸದ್ದು ಆ ಕ್ಷಣವೇ ಕೇಳಿಸುತ್ತದಲ್ಲ, ಕಿವಿ ಕಾಲವನ್ನು ಅಳೆಯುವುದು ಅದರಿಂದಲೇ ಅಲ್ಲವೇ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಇಂಥವರನ್ನು ನಾನು ಚರ್ಚೆಗೆ ಕರೆಯುವುದಿಲ್ಲ.

ಶಬ್ದದ ವೇಗವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಅದು ಸೆಕೆಂಡಿಗೆ ಸುಮಾರು 343 ಮೀಟರ್. ಡ್ರಮ್ಮರ್ ನಿಮ್ಮಿಂದ ಮೂರು ಮೀಟರ್ ದೂರ ಕೂತಿದ್ದರೆ ಅವನು ಹೊಡೆದದ್ದು ನಿಮ್ಮನ್ನು ತಲುಪುವಾಗಲೇ ಒಂಬತ್ತು ಮಿಲಿಸೆಕೆಂಡು ಹಳಸಿರುತ್ತದೆ. ಗಣೇಶನ ಪೆಂಡಾಲಿನ ಕೊನೆಯಲ್ಲಿ, ವೇದಿಕೆಯಿಂದ 35 ಮೀಟರ್ ಆಚೆ, ಕಡಲೆಕಾಯಿ ಗಾಡಿಯವನು ಕೇಳುತ್ತಿರುವುದು ನೂರು ಮಿಲಿಸೆಕೆಂಡಿನಷ್ಟು ಹಿಂದಿನ ಆರ್ಕೆಸ್ಟ್ರಾವನ್ನು. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಒಂದು ಬೀಟಿನ ಕಾಲು ಭಾಗವೇ 125 ಮಿಲಿಸೆಕೆಂಡು. ಅಷ್ಟು ದೂರದಲ್ಲಿರುವ ಸಹೃದಯನಿಗೆ ನೀವು ಲಯದಲ್ಲಿದ್ದರೇನು, ಬಿಟ್ಟರೇನು? ಎಲ್ಲ ವಾದ್ಯಗಳೂ ಒಟ್ಟಿಗೇ ತಡವಾಗಿ ತಲುಪುವುದರಿಂದ ನಿಮ್ಮ ತಪ್ಪು ಅಲ್ಲಿಯೂ ತಪ್ಪಾಗಿಯೇ ಕೇಳಿಸುತ್ತದೆ ಎಂದು ಎಂಜಿನಿಯರಿಂಗ್ ಓದಿದ ಡ್ರಮ್ಮರ್‌ಗಳು ವಾದಿಸುತ್ತಾರೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದದ ಡ್ರಮ್ಮರ್ ಸಿಗುವುದು ಕಷ್ಟವಾದ್ದರಿಂದ ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ: “ಥಿಯರಿ ಬೇರೆ, ಫೀಲ್ ಬೇರೆ.”

ಡ್ರಮ್ಮರ್‌ನ ಮಾತು ಬಂದದ್ದರಿಂದ ಅದನ್ನು ಇಲ್ಲೇ ಮುಗಿಸೋಣ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ನಮ್ಮ ಕಕ್ಷಿದಾರರ ಮೇಲೆ ಪ್ರಯೋಗಿಸುವ ಅಭ್ಯಾಸ ಸಮಾಜದಲ್ಲಿದೆ. ಈ ಗಾದೆ ಏಕಪಕ್ಷೀಯವಾದದ್ದು. ಆ ಹೊತ್ತಿನಲ್ಲಿ ನೆಲಕ್ಕೆ ರಸಮಟ್ಟ ಇಟ್ಟು ನೋಡಿದವರು ಯಾರು? ನೋಡಿದ್ದರೆ ಗಾದೆ ಬೇರೆಯೇ ಆಗಿರುತ್ತಿತ್ತು. ಗಂಟೆಗಿಷ್ಟು ಎಂದು ಬಾಡಿಗೆ ಕೊಡುವ ಜಾಮ್ ರೂಮಿನಲ್ಲಿ ನಾನು ಸ್ವತಃ ಕೂತು ಕೇಳಿಸಿಕೊಂಡ ಒಂದು ಮಾತುಕತೆ ಈ ವಿಷಯದಲ್ಲಿ ಮಾದರಿಯಾಗಬಲ್ಲದು.

“ಮಗಾ, ಎರಡನೇ ಚರಣದಲ್ಲಿ ಓಡ್ತಿದೀಯ.”

“ನಾನಾ? ನೀನು ಎಳೀತಿದೀಯ ಮಗಾ.”

“ನಾನು ಕ್ಲಿಕ್ ಜೊತೆಗೇ ಇದೀನಲ್ಲೋ.”

“ಹಂಗಾದ್ರೆ ಕ್ಲಿಕ್ಕೇ ಎಳೀತಿದೆ ಮಗಾ.”

ಈ ಕೊನೆಯ ವಾಕ್ಯ ನಮ್ಮ ಶಾಸ್ತ್ರದ ಶಿಖರ. ಅದನ್ನಾಡಿದ ಹುಡುಗ ನನ್ನಲ್ಲಿ ಸಲಹೆಗೆ ಬರುತ್ತಿದ್ದವನೇ. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ್ದರಲ್ಲಿ ದೋಷ ಹುಡುಕುವುದಕ್ಕೆ ಸಂಬಳ ಪಡೆಯುವವನು. ಇಷ್ಟು ಒಳ್ಳೆಯ ತಳಹದಿಯಿದ್ದ ಹುಡುಗ ಮುಂದೆ ಹೇಗೆ ಹಾಳಾದ ಎಂಬುದನ್ನು ಹೇಳುವುದಿದೆ. ಅದಕ್ಕೆ ಮುಂಚೆ ಡ್ರಮ್ಮರ್ ಸಮಸ್ಯೆಗೆ ಅಮೆರಿಕದಲ್ಲಿ ಕಂಡುಕೊಂಡ ಪರಿಹಾರವನ್ನು ದಾಖಲಿಸಬೇಕು. ಬೇಸ್ ವಾದಕ ಲ್ಯಾರಿ ಗ್ರಹಾಂ ತಮ್ಮ ತಾಯಿಯ ಜೊತೆ ನುಡಿಸುತ್ತಿದ್ದ ಕಾಲದಲ್ಲಿ ತಂಡದಲ್ಲಿ ಡ್ರಮ್ಮರ್ ಇಲ್ಲದ ಪರಿಸ್ಥಿತಿ ಬಂತು. ಕಿಕ್ ಡ್ರಮ್ಮಿನ ಬದಲು ಹೆಬ್ಬೆರಳಿನಿಂದ ತಂತಿಯನ್ನು ಬಡಿದು, ಸ್ನೇರ್ ಬದಲು ಬೆರಳಿನಿಂದ ಎಳೆದು ಬಿಟ್ಟು, ಎರಡೂ ಕೆಲಸವನ್ನು ಅವರೇ ಮಾಡಿದರು. ಇವತ್ತು ಲೋಕವೆಲ್ಲ ಸ್ಲ್ಯಾಪ್ ಎಂದು ಕರೆಯುವ ಶೈಲಿ ಬೆಳೆದದ್ದು ಹೀಗೆ. ಇದರಿಂದ ಕಲಿಯಬೇಕಾದ್ದೇನೆಂದರೆ ಡ್ರಮ್ಮರ್ ಅನಗತ್ಯ. ಡ್ರಮ್ಮರ್ ಇಲ್ಲದಾಗ ಇಡೀ ಲಯದ ಹೊಣೆ ಬೇಸ್ ವಾದಕನ ಮೇಲೆ ಬೀಳುತ್ತದೆ ಎಂಬ ಇನ್ನೊಂದು ಅರ್ಥವೂ ಇದರಿಂದ ಹೊರಡುತ್ತದೆ ಎನ್ನುತ್ತಾರೆ. ಅದನ್ನು ನಾನು ಪರಿಶೀಲಿಸಿಲ್ಲ.

ಇನ್ನು ಮೆಟ್ರೊನೋಮ್, ಅಂದರೆ ಆ ಕ್ಲಿಕ್ ಹೊಡೆಯುವ ಯಂತ್ರ. ಈ ಯಂತ್ರದ ಪೂರ್ವಾಪರ ತಿಳಿದವರಾರೂ ಅದರ ಮಾತು ಕೇಳುವುದಿಲ್ಲ. 1814ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದ ವಿಂಕೆಲ್ ಎಂಬಾತ ಅದರ ಲೋಲಕದ ಉಪಾಯ ಕಂಡುಹಿಡಿದ. ಮೇಲ್ಜೆಲ್ ಎಂಬ ಇನ್ನೊಬ್ಬ ಅದನ್ನು ನೋಡಿಕೊಂಡು ಹೋಗಿ, ಒಂದು ಅಳತೆಪಟ್ಟಿ ಸೇರಿಸಿ, 1815ರಲ್ಲಿ ತನ್ನ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡ. ಬೀಥೊವನ್ ತನ್ನ ಸಿಂಫನಿಗಳಿಗೆ ಈ ಯಂತ್ರದ ಅಂಕಿಗಳನ್ನು ಬರೆದಿಟ್ಟ. ಅವುಗಳಲ್ಲಿ ಹಲವು ವಿಪರೀತ ವೇಗವೆಂದು ವಿದ್ವಾಂಸರು ಇವತ್ತಿಗೂ ಕಚ್ಚಾಡುತ್ತಿದ್ದಾರೆ. 1962ರಲ್ಲಿ ಲಿಗೆಟಿ ನೂರು ಮೆಟ್ರೊನೋಮ್‌ಗಳಿಗಾಗಿಯೇ ಒಂದು ಕೃತಿ ರಚಿಸಿದರು. ಎಲ್ಲಕ್ಕೂ ಕೀಲಿ ಕೊಟ್ಟು ಬಿಟ್ಟರೆ ಅವು ಒಂದಕ್ಕೊಂದು ತಾಳೆಯಿಲ್ಲದೆ ಟಿಕ್‌ಟಿಕ್ ಎನ್ನುತ್ತ, ಕೀಲಿ ಮುಗಿದ ಹಾಗೆ ಒಂದೊಂದಾಗಿ ಬಾಯಿ ಮುಚ್ಚುತ್ತವೆ. ಯಂತ್ರಗಳೇ ಒಮ್ಮತಕ್ಕೆ ಬರದಿರುವಾಗ ನಾವೇಕೆ ಬರಬೇಕು?

ಅವನ್ನು ಉರುಳುವ ಹಲಗೆಯ ಮೇಲೆ ಸಾಲಾಗಿ ಇಟ್ಟರೆ ಮಾತ್ರ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ. ಒಂದರ ತೂಗಾಟ ಹಲಗೆಯ ಮೂಲಕ ಇನ್ನೊಂದನ್ನು ತಲುಪುತ್ತದೆ. ಅಂದರೆ ವೇದಿಕೆ ಸಾಕಷ್ಟು ಅಲುಗಾಡಿದರೆ ಬ್ಯಾಂಡು ತಾನಾಗಿಯೇ ಸರಿಹೋಗುತ್ತದೆ. ನಮ್ಮ ಬಡಾವಣೆಗಳ ಗಣೇಶೋತ್ಸವ ವೇದಿಕೆಗಳನ್ನು ಈ ತತ್ತ್ವದ ಮೇಲೆಯೇ ಕಟ್ಟುತ್ತಾರೆಂದು ತೋರುತ್ತದೆ.

ಚಿಕಿತ್ಸೆಗೆ ಬರೋಣ. ಲಯದೋಷಕ್ಕೆ ಮೊದಲ ಮದ್ದು ಖರೀದಿ. ಹುಡುಗನಿಗೆ ನಾನು ಮೊದಲು ಬರೆದುಕೊಟ್ಟದ್ದು ಒಂದು ಕಂಪ್ರೆಸರ್ ಪೆಡಲ್. ಅದು ಜೋರಾದ ಸ್ವರವನ್ನು ತಗ್ಗಿಸಿ, ಮೆಲುವಾದದ್ದನ್ನು ಎತ್ತಿ, ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತದೆ. ಕಾಲವನ್ನು ಮುಟ್ಟುವುದೂ ಇಲ್ಲ. ಆದರೆ ತಪ್ಪು ಜಾಗದಲ್ಲಿ ಬಿದ್ದ ಸ್ವರವೂ ಸರಿಯಾದ ಜಾಗದಲ್ಲಿ ಬಿದ್ದದ್ದರಷ್ಟೇ ಗಟ್ಟಿಯಾಗಿ ಕೇಳಿಸುವುದರಿಂದ ವಾದಕನ ಆತ್ಮವಿಶ್ವಾಸ ಹೆಚ್ಚುತ್ತದೆ. ಎರಡನೆಯದು ಡಿಲೇ ಪೆಡಲ್. ಒಂದು ಸ್ವರವನ್ನು ನಾಲ್ಕು ಸಲ ಕೇಳಿಸಿದರೆ ಯಾವುದಾದರೂ ಒಂದು ಬೀಟಿಗೆ ಬಿದ್ದೇ ಬೀಳುತ್ತದೆ. ಆಮೇಲೆ ಪೆಡಲ್‌ಗಳನ್ನು ಜೋಡಿಸಿಡಲು ಹಲಗೆ, ಹಲಗೆಗೆ ಚೀಲ, ಚೀಲ ಹೊರಲು ಡ್ರಮ್ಮರ್.

ಉಪಕರಣವಿಲ್ಲದೆ ಜನ ಎಂಥ ಸ್ಥಿತಿಗೆ ತಲುಪುತ್ತಾರೆ ಎಂಬುದಕ್ಕೆ ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ಉದಾಹರಣೆ. ಮೊಟೌನ್ ಕಂಪನಿಯ ಸ್ಟುಡಿಯೋದಲ್ಲಿ 1962ರ ಒಂದು ಫೆಂಡರ್ ಬೇಸ್ ಹಿಡಿದು, ಬಲಗೈಯ ತೋರುಬೆರಳು ಒಂದರಲ್ಲೇ ನುಡಿಸುತ್ತಿದ್ದರು. ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಹಾಡಿಗೆ ನೆಲದ ಮೇಲೆ ಮಲಗಿಕೊಂಡೇ ನುಡಿಸಿದರೆಂದು ಹೇಳುತ್ತಾರೆ. ಒಂದು ಬೆರಳು, ಹಳೆಯ ತಂತಿ, ಮಲಗಿದ ಭಂಗಿ. ಆ ಹಾಡುಗಳಿಗೆ ಜನ ಇವತ್ತಿಗೂ ತಲೆದೂಗುತ್ತಿರುವುದು ಅನುಕಂಪದಿಂದಲೇ ಇರಬೇಕು. ಸರಿಯಾದ ಸಲಹೆಗಾರ ಸಿಕ್ಕಿದ್ದರೆ ಆ ಮನುಷ್ಯ ಎರಡನೆಯ ಬೆರಳನ್ನಾದರೂ ಕೊಳ್ಳುತ್ತಿದ್ದರು.

ಈಗ ಹುಡುಗ ಹಾಳಾದ ಕಥೆ.

ಅವನು ಹನುಮಂತನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದ. ಕೆಳಗೆ ಮನೆಯ ಮಾಲೀಕರು, ವಯಸ್ಸಾದ ಮೃದಂಗದ ಮೇಷ್ಟ್ರು. ತಗ್ಗಿನ ಸ್ವರಗಳಿಗೆ ಗೋಡೆ, ತಾರಸಿ ಯಾವುದೂ ಲೆಕ್ಕವಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಪಕ್ಕದ ರಸ್ತೆಯ ಮದುವೆ ಮನೆಯಿಂದ ಹಾಡು ಕೇಳಿಸದಿದ್ದರೂ ಧಿಂ ಧಿಂ ಕೇಳಿಸುವುದು ಅದರಿಂದಲೇ. ಹುಡುಗ ರಾತ್ರಿ ಹಾಡು ಹಾಕಿಕೊಂಡು ಅದರ ಜೊತೆ ನುಡಿಸುತ್ತಿದ್ದ. ಹಾಡು ಹೆಡ್‌ಫೋನಿನಲ್ಲಿ, ಬೇಸ್ ಆಂಪಿನಲ್ಲಿ. ಕೆಳಗಿನ ಮನೆಗೆ ಇಳಿಯುತ್ತಿದ್ದದ್ದು ಇವನು ನುಡಿಸಿದ್ದು ಮಾತ್ರ. ಒಂದು ದಿನ ಬಾಡಿಗೆ ಕೊಡಲು ಹೋದಾಗ ಮೇಷ್ಟ್ರು ಕೇಳಿದರಂತೆ.

“ರಾತ್ರಿ ಅದೇನಪ್ಪಾ ನುಡಿಸ್ತೀಯಲ್ಲ, ಏನದು?”

“ಬೇಸ್ ಗಿಟಾರ್, ಮೇಷ್ಟ್ರೇ. ಸೌಂಡ್ ಜಾಸ್ತಿ ಆಯ್ತಾ?”

“ಸೌಂಡಿಗೇನು, ನಾವೂ ಚರ್ಮ ಬಡಿದು ಬದುಕಿದೋರೇ. ನಂಗೆ ಹಾಡು ಕೇಳ್ಸಲ್ಲ ಕಣಪ್ಪಾ, ನೀನು ತಪ್ಪೋದು ಮಾತ್ರ ಕೇಳ್ಸುತ್ತೆ. ನಿದ್ದೆ ಬರಲ್ಲ.”

ಬಾಡಿಗೆದಾರರ ಕಾನೂನಿನಲ್ಲಿ ಇದಕ್ಕೆ ಪರಿಹಾರವಿದೆಯೇ ಎಂದು ನಾನು ವಿಚಾರಿಸುವಷ್ಟರಲ್ಲಿ ಹುಡುಗ ಅವರಲ್ಲಿ ಪಾಠಕ್ಕೆ ಕೂತಾಗಿತ್ತು. ಪಾಠವೆಂದರೆ ಏನು ಪಾಠ! ಗಿಟಾರನ್ನು ಮುಟ್ಟಲೇ ಕೊಡಲಿಲ್ಲ. ಆದಿತಾಳ ಹಾಕು ಅಂದರು. ಒಂದು ಘಾತ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ಘಾತ, ಅಂಗೈ ಮಗುಚು. ಮತ್ತೆ ಘಾತ, ಅಂಗೈ ಮಗುಚು. ಎಂಟು ಅಕ್ಷರ. ಕೈ ಇದೇ ನಡೆಯಲ್ಲಿ ಹೋಗುತ್ತಿರಬೇಕು, ಬಾಯಲ್ಲಿ ತಕಧಿಮಿ. ಮೊದಲು ಅಕ್ಷರಕ್ಕೆ ಒಂದು ಸೊಲ್ಲು, ಆಮೇಲೆ ಎರಡು, ಆಮೇಲೆ ನಾಲ್ಕು. ಹುಡುಗನ ಬಾಯಿ ದುಪ್ಪಟ್ಟಾದ ಕೂಡಲೇ ಕೈಯೂ ಅದರ ಹಿಂದೆ ಓಡಿತು. ಬಾಯಿ ಮತ್ತೆ ಒಂದನೇ ಕಾಲಕ್ಕೆ ಇಳಿದಾಗ ಕೈ ಎಲ್ಲಿತ್ತೋ ಅಲ್ಲಿಗೆ ವಾಪಸು ಬರಲೇ ಇಲ್ಲ. “ಬಾಯಿ ಓಡ್ಲಿ ಬಿಡು. ಕೈ ಓಡಬಾರದು ಕಣಪ್ಪಾ” ಎಂದು ಮೇಷ್ಟ್ರು ಮೊದಲಿನಿಂದ ಶುರು ಮಾಡಿಸಿದರು. ಹಾಗೆ ಎಷ್ಟು ಸಂಜೆ ನಡೆಯಿತೋ! ನನ್ನ ಶಾಸ್ತ್ರದ ಪ್ರಕಾರ ಇದು ಕಾಲಹರಣ. ಬೇಸ್‌ನಲ್ಲಿ ಬಾಯಿಗೆ ಕೆಲಸವೇ ಇಲ್ಲ. ಮುಖವನ್ನು ಸೊಟ್ಟ ಮಾಡಿಕೊಳ್ಳುವುದಕ್ಕಷ್ಟೇ ಅದು ಬೇಕು.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಅಕ್ಷರದೊಳಗೆ ನಾಲ್ಕರ ಬದಲು ಮೂರು ತಕಿಟ ಎಂದು ಹೇಳಿಸಿದರು, ಐದು ತಕತಕಿಟ ಎಂದು ಹೇಳಿಸಿದರು, ಏಳಕ್ಕೆ ತಕಿಟ ತಕಧಿಮಿ. ಕರ್ನಾಟಕ ಸಂಗೀತದ ಏಳು ತಾಳಗಳಿಗೆ ಐದು ಜಾತಿ ಸೇರಿ 35, ಅದಕ್ಕೆ ಐದು ಗತಿ ಸೇರಿ 175 ಎಂದು ನಮ್ಮ ಹಿರಿಯರು ಲೆಕ್ಕ ಇಟ್ಟಿದ್ದಾರೆ. ತಪ್ಪಲಿಕ್ಕೆ 175 ದಾರಿಗಳನ್ನು ಇಷ್ಟು ವ್ಯವಸ್ಥಿತವಾಗಿ ಒದಗಿಸಿದ ಸಂಸ್ಕೃತಿ ಇನ್ನೊಂದಿಲ್ಲ ಎಂದು ನಾನು ಹುಡುಗನಿಗೆ ಎಚ್ಚರಿಕೆ ಕೊಟ್ಟೆ. ಅವನು ನನ್ನ ಮಾತಿನ ನಡುವೆ ತೊಡೆಯ ಮೇಲೆ ಬೆರಳು ಎಣಿಸುತ್ತಿದ್ದ.

ಇಲ್ಲೊಂದು ಉಪಕಥೆ. ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಸಂಸ್ಥೆ ಇದೆ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ್ದು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಈ ಸಂಸ್ಥೆಯ ತಂಡದ ಜೊತೆ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ, ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದರು. ಜರ್ಮನಿಯ ಇ.ಸಿ.ಎಂ. ಕಂಪನಿ 1983ರಲ್ಲಿ ಹೊರತಂದಿತು. ಜಾಜ್‌ನಲ್ಲಿ ಹೆಸರು ಮಾಡಿದವರು ನಮ್ಮ ತಕಧಿಮಿಯ ಪಕ್ಕ ಬಂದು ನಿಂತರು. ನಮ್ಮ ಹುಡುಗರು ಜರ್ಮನಿಯಿಂದ ಪೆಡಲ್ ತರಿಸಿಕೊಳ್ಳುತ್ತಾರೆ. ವ್ಯಾಪಾರದಲ್ಲಿ ಇದನ್ನು ಸಮತೋಲನ ಎನ್ನಬಹುದು. ಮುಂಬೈಯ ಮೋಹಿನಿ ಡೇ ಕೊನ್ನಕ್ಕೋಲ್‌ನ ಸೊಲ್ಲುಗಳನ್ನು ಬಾಯಲ್ಲಿ ಹೇಳುತ್ತ ಅದನ್ನೇ ಬೇಸ್ ತಂತಿಗಳ ಮೇಲೆ ನುಡಿಸುವುದನ್ನು ಕೆಲವರು ಈ ಸಂದರ್ಭದಲ್ಲಿ ಎತ್ತುತ್ತಾರೆ. ಅಪವಾದಗಳಿಂದ ನಿಯಮ ಮುರಿಯುವುದಿಲ್ಲ.

ಹುಡುಗನನ್ನು ಉಳಿಸಿಕೊಳ್ಳಲು ನಾನು ಕೊನೆಯ ಅಸ್ತ್ರವನ್ನು ಹೂಡಿದೆ. ನಮ್ಮ ತಾಳಶಾಸ್ತ್ರದಲ್ಲೇ ಅತೀತ, ಅನಾಗತ ಎಂಬ ಗ್ರಹಗಳಿವೆಯಲ್ಲ. ತಾಳಕ್ಕಿಂತ ಮೊದಲೇ ಹಾಡು ಎತ್ತಿದರೆ ಅತೀತ, ತಾಳ ಶುರುವಾದ ಮೇಲೆ ಎತ್ತಿದರೆ ಅನಾಗತ. ಹಾಗಾದರೆ ಅವನ ಅವಸರವೂ ಶಾಸ್ತ್ರೀಯ, ಅವನ ವಿಳಂಬವೂ ಶಾಸ್ತ್ರೀಯ. ಪಶ್ಚಿಮದಿಂದಲೂ ಸಾಕ್ಷಿ ಒದಗಿಸಿದೆ. ಡಿ’ಆಂಜೆಲೊ ಅವರ 2000ದ ‘ವೂಡೂ’ ಆಲ್ಬಮ್‌ನಲ್ಲಿ ಬೇಸ್ ವಾದಕ ಪಿನೊ ಪಲ್ಲಡಿನೊ ಬೀಟಿನ ಬೆನ್ನಿಗೆ ಒರಗಿಕೊಂಡು, ಹಿಂದೆ ಹಿಂದೆಯೇ ನುಡಿಸುತ್ತಾರೆ. ತಡವಾದವರೆಲ್ಲ ಈ ಹೆಸರನ್ನು ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಹುಡುಗ ಈ ಎರಡು ವಾದವನ್ನೂ ಹೊತ್ತುಕೊಂಡು ಹೋಗಿ ಮೇಷ್ಟ್ರ ಮುಂದಿಟ್ಟ. ಮೊಬೈಲಿನಲ್ಲಿ ಒಂದು ಹಾಡನ್ನೂ ಹಾಕಿ ತೋರಿಸಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಕೈಯಲ್ಲಿ ತಾಳ ಹಾಕುತ್ತ, ಕೊನೆಯವರೆಗೂ ಕೇಳಿದರಂತೆ.

“ಚೆನ್ನಾಗಿದೆಯಲ್ಲಪ್ಪಾ! ಈ ಪುಣ್ಯಾತ್ಮ ಪ್ರತಿ ಆವರ್ತದಲ್ಲೂ ಅಷ್ಟೇ ದೂರ ಬಿಟ್ಟು ಅಲ್ಲೇ ಕೂರ್ತಾನೆ. ತಾಳ ಎಲ್ಲಿದೆ ಅಂತ ಗೊತ್ತಿದ್ದೇ ದೂರ ನಿಂತಿದಾನೆ. ಅನಾಗತ ಅಂದ್ರೆ ಇದು. ನೀನು ಒಂದು ಸಲ ಮುಂದೆ, ಒಂದು ಸಲ ಹಿಂದೆ. ದಿನಾ ಬೇರೆ ಬೇರೆ ಮನೆ ಬಾಗಿಲು ತಟ್ತೀಯ, ಅದಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ.”

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಹುಡುಗ ಕೇಳಲು ಬರಲಿಲ್ಲ.

ಆಮೇಲಿನ ಅವನತಿ ವೇಗವಾಗಿ ನಡೆಯಿತು. ಗಿಟಾರ್ ಮುಟ್ಟಲು ಅಪ್ಪಣೆಯಾದ ಮೇಲೆ ಅವನು ಮೆಟ್ರೊನೋಮನ್ನು ನಿಮಿಷಕ್ಕೆ 40ಕ್ಕೆ ಇಟ್ಟುಕೊಂಡು ಒಂದೇ ಒಂದು ಸ್ವರ ನುಡಿಸತೊಡಗಿದ. ನಿಮಿಷಕ್ಕೆ 40 ಎಂದರೆ ಒಂದು ಕ್ಲಿಕ್ಕಿನಿಂದ ಇನ್ನೊಂದಕ್ಕೆ ಒಂದೂವರೆ ಸೆಕೆಂಡು. ಇದು ಎಷ್ಟು ಅಪಾಯಕಾರಿ ಎಂದು ತಿಳಿಯದೆ ಜನ ಇದನ್ನು ಮಕ್ಕಳಿಗೂ ಕಲಿಸುತ್ತಾರೆ. ವೇಗವಾಗಿ ನುಡಿಸುವಾಗ ಒಂದು ತಪ್ಪನ್ನು ಮುಂದಿನ ತಪ್ಪು ಮುಚ್ಚಿಹಾಕುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆ ಒಂದೂವರೆ ಸೆಕೆಂಡಿನಲ್ಲಿ ಮುಚ್ಚುವವರು ಯಾರೂ ಇಲ್ಲ. ಕ್ಲಿಕ್ಕಿಗೆ ಕಾಯದೆ ಮುಂಚೆಯೇ ಬೆರಳು ಬೀಳುವುದು ಅಲ್ಲಿ ಕಣ್ಣಿಗೆ ರಾಚುತ್ತದೆ. ಮನುಷ್ಯರು ಕ್ಲಿಕ್ಕಿಗೆ ಬೆರಳು ತಟ್ಟುವಾಗ ಸಾಮಾನ್ಯವಾಗಿ ಅದಕ್ಕಿಂತ ಒಂದಿಷ್ಟು ಮಿಲಿಸೆಕೆಂಡು ಮೊದಲೇ ತಟ್ಟುತ್ತಾರೆ ಎಂದು ಮನಶ್ಶಾಸ್ತ್ರದ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಅಂದರೆ ಮುಂಚೆ ಬೀಳುವುದು ಮಾನವ ಸಹಜ. ಅದನ್ನು ತಿದ್ದಹೊರಡುವುದು ಮನುಷ್ಯತ್ವಕ್ಕೆ ವಿರುದ್ಧವೆಂದು ನಾನು ಹೇಳಿಕಳಿಸಿದೆ.

ಅವನು ಕೇಳದೆ ಕ್ಲಿಕ್ಕನ್ನು ಬೀಟಿನಿಂದಲೇ ಎತ್ತಿಬಿಟ್ಟ. ಒಂದು, ಎರಡು, ಮೂರು, ನಾಲ್ಕರಲ್ಲಿ ಎರಡಕ್ಕೂ ನಾಲ್ಕಕ್ಕೂ ಮಾತ್ರ ಕ್ಲಿಕ್ ಬೀಳುವ ಹಾಗೆ ಲೆಕ್ಕ ಹಾಕಿಕೊಂಡು, ಒಂದನ್ನೂ ಮೂರನ್ನೂ ತಾನೇ ಹುಡುಕಿಕೊಳ್ಳತೊಡಗಿದ. ಅದೂ ಸಾಲದೆ ಮೊಬೈಲಿನ ಆ್ಯಪಿನಲ್ಲಿ ಒಂದು ಆವರ್ತ ಕ್ಲಿಕ್, ಒಂದು ಆವರ್ತ ನಿಶ್ಶಬ್ದ ಎಂದು ಇಟ್ಟುಕೊಂಡ. ನಿಶ್ಶಬ್ದ ಮುಗಿದು ಕ್ಲಿಕ್ ವಾಪಸು ಬಂದಾಗ ಇವನು ಎಲ್ಲಿರುತ್ತಾನೋ ಅದೇ ಅವನ ನಿಜವಾದ ವಿಳಾಸವಂತೆ. ಶುರುವಿನಲ್ಲಿ ಅವನು ಪ್ರತಿ ಸಲವೂ ಕ್ಲಿಕ್ಕಿಗಿಂತ ಮೊದಲೇ ಬಂದು ಕಾಯುತ್ತಿದ್ದ. ಮೊಬೈಲಿನ ಬ್ಯಾಟರಿ ಹಳೆಯದಾಗಿರಬೇಕು ಎಂದು ನಾನು ಸೂಚಿಸಿದ್ದು ದಾಖಲೆಯಲ್ಲಿದೆ. ನಿಶ್ಶಬ್ದದ ಆವರ್ತಗಳನ್ನು ಅವನು ಎರಡಕ್ಕೆ, ನಾಲ್ಕಕ್ಕೆ ಏರಿಸಿದ. ಬ್ಯಾಟರಿಯನ್ನು ಬದಲಿಸಲೇ ಇಲ್ಲ.

ಸ್ವರ ಎಲ್ಲಿ ಶುರುವಾಗಬೇಕು ಎಂಬುದು ಒಂದು ತಲೆನೋವಾದರೆ ಎಲ್ಲಿ ನಿಲ್ಲಬೇಕು ಎಂಬ ಇನ್ನೊಂದನ್ನೂ ಅವನು ತಲೆಗೆ ಹಚ್ಚಿಕೊಂಡ. ಬೇಸ್‌ನ ಸ್ವರ ಬಿಟ್ಟರೆ ಬಹಳ ಹೊತ್ತು ಗುಂಯ್‌ಗುಡುತ್ತದೆ. ಅದನ್ನು ಸ್ನೇರ್ ಬೀಳುವ ಕ್ಷಣಕ್ಕೆ ಸರಿಯಾಗಿ, ಎಡಗೈಯ ಒತ್ತು ಸಡಿಲಿಸಿಯೋ ಬಲಗೈ ಬೆರಳನ್ನು ತಂತಿಗೆ ತಾಗಿಸಿಯೋ ಕತ್ತರಿಸಿದರೆ ಹಾಡು ನೆಗೆಯುತ್ತದೆ, ಬಿಟ್ಟರೆ ಹಾಡಿನ ಮೇಲೆ ಕೆಸರು ಬಳಿದ ಹಾಗಾಗುತ್ತದೆ ಎಂದು ಅವನ ವಾದ. ಮೇಷ್ಟ್ರು ಇದನ್ನು ಕಾರ್ವೆಯ ಪಾಠದಲ್ಲಿ ಹೇಳಿಕೊಟ್ಟರಂತೆ: ನುಡಿಸದೆ ಬಿಟ್ಟ ಜಾಗವನ್ನೂ ನುಡಿಸಿದಷ್ಟೇ ಗಟ್ಟಿಯಾಗಿ ಎಣಿಸಬೇಕಂತೆ. ನುಡಿಸಿದ್ದಕ್ಕೇ ಸಂಭಾವನೆ ಸರಿಯಾಗಿ ಸಿಗದ ಕ್ಷೇತ್ರದಲ್ಲಿ ನುಡಿಸದೆ ಬಿಟ್ಟದ್ದಕ್ಕೂ ದುಡಿಯಬೇಕೆಂದರೆ ಅದು ಶೋಷಣೆ. ಸ್ವರ ತಾನಾಗಿ ಸಾಯಲಿ. ಕೊಲ್ಲುವುದು ನಮ್ಮ ಕೆಲಸವಲ್ಲ.

ಇದೆಲ್ಲಕ್ಕಿಂತ ಕೆಟ್ಟ ಚಟವೆಂದರೆ ತನ್ನ ವಾದನವನ್ನು ತಾನೇ ರೆಕಾರ್ಡ್ ಮಾಡಿಕೊಂಡು ಕೇಳುವುದು. ನನ್ನ ಕಕ್ಷಿದಾರರಿಗೆಲ್ಲ ನಾನು ಇದನ್ನು ಲಿಖಿತವಾಗಿ ನಿಷೇಧಿಸಿದ್ದೇನೆ. ನುಡಿಸುವಾಗ ಕಿವಿ ಉದಾರವಾಗಿರುತ್ತದೆ, ಬೆರಳು ಎಲ್ಲಿ ಬೀಳಬೇಕಿತ್ತೋ ಅಲ್ಲೇ ಬಿದ್ದಂತೆ ಕೇಳಿಸಿಕೊಳ್ಳುತ್ತದೆ. ಮಾರನೆಯ ದಿನ ರೆಕಾರ್ಡಿಂಗ್ ಕೇಳುವಾಗ ಆ ಔದಾರ್ಯ ಉಳಿದಿರುವುದಿಲ್ಲ. ಕೇಳಲೇಬೇಕಾಗಿ ಬಂದರೆ ಲೇಟೆನ್ಸಿ ಎಂಬ ಪದವನ್ನು ಬಳಸಿ. ಆಡಿಯೋ ಇಂಟರ್‌ಫೇಸಿನಲ್ಲಿ 48 ಕಿಲೋಹರ್ಟ್ಸ್‌ಗೆ 256 ಸ್ಯಾಂಪಲ್‌ಗಳ ಬಫರ್ ಇಟ್ಟಿದ್ದರೆ ಅದೊಂದರಿಂದಲೇ ಐದು ಮಿಲಿಸೆಕೆಂಡಿಗೂ ಹೆಚ್ಚು ತಡ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರೆ ನೂರು ಮಿಲಿಸೆಕೆಂಡು ದಾಟುವುದೂ ಸಾಮಾನ್ಯ. ಆದ್ದರಿಂದ ಬ್ಲೂಟೂತನ್ನೇ ಶಿಫಾರಸು ಮಾಡುತ್ತೇನೆ. ಅದನ್ನು ಹಾಕಿಕೊಂಡು ಲಯದಲ್ಲಿ ನುಡಿಸಲು ಯಾರಿಂದಲೂ ಸಾಧ್ಯವಿಲ್ಲವಾದ್ದರಿಂದ ನೀವೊಬ್ಬರೇ ಎಂಬ ಬೇಸರವಿರುವುದಿಲ್ಲ. ಹುಡುಗ ತಂತಿಯ ಹೆಡ್‌ಫೋನ್ ಕೊಂಡ.

ಇಷ್ಟಾದ ಮೇಲೆ ಆದದ್ದೇನು ಎಂಬುದನ್ನು ಇತರರಿಗೆ ಪಾಠವಾಗಲೆಂದು ಬರೆಯುತ್ತಿದ್ದೇನೆ. ಈ ಸಲದ ಗಣೇಶೋತ್ಸವಕ್ಕೆ ಒಂದು ಅಪಾರ್ಟ್‌ಮೆಂಟಿನಲ್ಲಿ ಅವರ ತಂಡದ ಕಾರ್ಯಕ್ರಮವಿತ್ತು. ತಜ್ಞನ ನೆಲೆಯಲ್ಲಿ ನಾನೂ ಹೋಗಿದ್ದೆ. 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರದ ‘ನಗುವ ನಯನ’ ಎತ್ತಿಕೊಂಡರು. ಇಳಯರಾಜರ ಹಾಡುಗಳಲ್ಲಿ ಬೇಸ್ ಸುಮ್ಮನೆ ಮೂಲೆಯಲ್ಲಿ ಕೂರುವುದಿಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡನ್ನೇ ಹಾಡುತ್ತದೆ. ಲಯದೋಷವಿರುವವನು ಇಂಥ ಕಡೆ ಎದ್ದು ಕಾಣುತ್ತಾನೆ, ಜನ ಅವನ ಕಡೆ ತಿರುಗಿ ನೋಡುತ್ತಾರೆ, ಅವನ ಅಸ್ತಿತ್ವ ದಾಖಲಾಗುತ್ತದೆ. ಹಿಂದಿನ ವರ್ಷ ಇದೇ ಹಾಡಿನಲ್ಲಿ ಹುಡುಗನಿಗೆ ಆ ಭಾಗ್ಯ ಸಿಕ್ಕಿತ್ತು. ಈ ಸಲ ಒಬ್ಬರೂ ತಿರುಗಲಿಲ್ಲ. ಮೊದಲ ಸಾಲಿನ ಅಜ್ಜಿಯೊಬ್ಬರು ಕೋಲನ್ನು ಕುರ್ಚಿಗೆ ಒರಗಿಸಿ ಕಾಲಲ್ಲಿ ತಾಳ ಹಾಕುತ್ತಿದ್ದರು. ಮಕ್ಕಳು ವೇದಿಕೆಯ ಮುಂದೆ ಕುಣಿದವು. ಗಾಯಕಿಗೆ ಅವತ್ತು ಎಲ್ಲಿಯೂ ಉಸಿರು ಸಾಲದೆ ಹೋಗಲಿಲ್ಲ, ಏಕೆಂದರೆ ಉಸಿರು ತೆಗೆದುಕೊಳ್ಳುವ ಜಾಗ ಪ್ರತಿ ಸಲವೂ ಅಲ್ಲೇ ಸಿಗುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಸಮಿತಿಯವರು ಗಾಯಕಿಗೆ ಶಾಲು ಹೊದಿಸಿದರು. ಡ್ರಮ್ಮರ್‌ನ ಕೈ ಕುಲುಕಲು ಜನ ಸಾಲು ನಿಂತರು. ಹುಡುಗ ಕೇಬಲ್ ಸುತ್ತುತ್ತಿದ್ದಾಗ ಹಿರಿಯರೊಬ್ಬರು ಬಂದು, “ನೀವು ಲೈಟಿಂಗ್‌ನೋರಾಪ್ಪಾ? ಆ ಮೂಲೇದು ಆಫ್ ಮಾಡ್ಬಿಡಿ” ಅಂದರು. ಅವನು ಹೋಗಿ ಆಫ್ ಮಾಡಿದ.

ಡ್ರಮ್ಮರ್ ಬೆವರು ಒರೆಸಿಕೊಳ್ಳುತ್ತ ಬಂದ. “ಮಗಾ, ಇವತ್ತು ನಾನು ಸಖತ್ತಾಗಿ ಹೊಡೆದೆ ಅಲ್ವಾ?”

“ಹ್ಞೂಂ ಮಗಾ.”

ಕಂಪ್ರೆಸರ್, ಡಿಲೇ, ಹಲಗೆ, ಚೀಲ ಎಲ್ಲವನ್ನೂ ಅವನು ಆಮೇಲೆ ಮಾರಿಬಿಟ್ಟ. ಸಂಶೋಧನೆಯ ದೃಷ್ಟಿಯಿಂದ ನಾನೇ ಅರ್ಧ ಬೆಲೆಗೆ ಕೊಂಡಿದ್ದೇನೆ. ಈಚೆಗೆ ಆ ಡ್ರಮ್ಮರ್ ನನ್ನಲ್ಲಿ ಸಲಹೆಗೆ ಬರುತ್ತಿದ್ದಾನೆ. ಹುಡುಗ ರಜೆ ಹಾಕಿ ಬೇರೆ ಯಾರಾದರೂ ಬೇಸ್ ಹಿಡಿದ ದಿನವೆಲ್ಲ ತನ್ನ ಡ್ರಮ್ ಸೆಟ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಅವನ ದೂರು. ಲಕ್ಷಣಗಳನ್ನೆಲ್ಲ ಕೂಲಂಕಷವಾಗಿ ಕೇಳಿಕೊಂಡೆ. ಸೆಟ್ ಬದಲಾಯಿಸಲು ಹೇಳಿದ್ದೇನೆ.